ಎಷ್ಟು ಹಾಡು ಬರುತ್ತದೆ ಎಂದು ಕೇಳಬೇಡಿ

ಕಳೆದ ತಿಂಗಳು ಒಂದು ಸಂಜೆ ನಮ್ಮ ಬೀದಿಯ ಹುಡುಗನೊಬ್ಬ ಗಿಟಾರನ್ನು ಹೆಗಲಿಗೇರಿಸಿಕೊಂಡು ಜಗಲಿಗೆ ಬಂದ. ಪಿ.ಯು.ಸಿ. ಓದುವ ಹುಡುಗ, ಸಂಭಾವಿತ. "ಮೇಷ್ಟ್ರೇ, ಇದನ್ನು ಮಾರಬೇಕು, ಕೊಳ್ಳುವವರು ಯಾರಾದರೂ ಇದ್ದರೆ ಹೇಳಿ" ಎಂದ. ವಾದ್ಯಕ್ಕೆ ಎರಡು ವರ್ಷವೂ ತುಂಬಿಲ್ಲ. ಏಕಪ್ಪಾ ಎಂದು ಕೇಳಿದರೆ, "ಬೇಸರ ಬಂದಿದೆ ಸಾರ್, ನಲವತ್ತೆರಡು ಹಾಡು ಬರುತ್ತೆ, ಎಲ್ಲವೂ ಸಾಕಾಗಿವೆ" ಎಂದು ಉತ್ತರಿಸಿದ.

ನಲವತ್ತೆರಡು! ನಲವತ್ತೇಳು ವರ್ಷಗಳಿಂದ ಆ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡಿರುವ ನನಗೆ ನೆಟ್ಟಗೆ ಬರುವುದು ಆರೇ ಆರು. ಆ ಆರೂ ನನಗಿನ್ನೂ ಸಾಕೆನಿಸಿಲ್ಲ. ಹಾಗಾದರೆ ನಮ್ಮಿಬ್ಬರಲ್ಲಿ ತಪ್ಪಿದವರು ಯಾರು? ಈ ಪ್ರಶ್ನೆ ತಿಂಗಳಿನಿಂದ ನನ್ನನ್ನು ಬಿಟ್ಟಿಲ್ಲ. ಇಂದು ಸ್ವಲ್ಪ ಕಟುವಾಗಿಯೇ ಬರೆಯುತ್ತೇನೆ, ಸಹೃದಯರು ಮನ್ನಿಸಬೇಕು.

ಒಂದನ್ನು ನುಡಿಸು ಎಂದೆ. ನುಡಿಸಿದ. ಇನ್ನೊಂದು ಎಂದೆ. ಅದನ್ನೂ ನುಡಿಸಿದ. ಮೂರನೆಯದು ಮುಗಿಯುವಷ್ಟರಲ್ಲಿ ರೋಗದ ಮೂಲ ಹೊಳೆಯಿತು. ಹುಡುಗ ಯಾವ ಹಾಡನ್ನೂ ನುಡಿಸುತ್ತಿರಲಿಲ್ಲ. ಎಡಗೈ ನಾಲ್ಕು ಕಾರ್ಡುಗಳ, ಅಂದರೆ ಒಟ್ಟಿಗೆ ಮಿಡಿಯುವ ನಾಲ್ಕು ಸ್ವರಗುಚ್ಛಗಳ, ನಡುವೆ ಓಡಾಡುತ್ತಿತ್ತು: ಜಿ, ಡಿ, ಇ ಮೈನರ್, ಸಿ. ಬಲಗೈ ಆರೂ ತಂತಿಗಳ ಮೇಲೆ ಮೇಲೆ ಕೆಳಗೆ ಬೀಸುತ್ತಿತ್ತು. ಹಾಡಿನ ಧಾಟಿ ಇದ್ದುದು ಅವನ ಬಾಯಿಯಲ್ಲಿ, ಬಾಯಿ ಮರೆತಲ್ಲಿ ಜೇಬಿನ ಫೋನಿನಲ್ಲಿ. ಬಾಯಿ ಮುಚ್ಚಿ ಬರಿಯ ಗಿಟಾರಿನಲ್ಲಿ ಪಲ್ಲವಿಯನ್ನು ಕೇಳಿಸು ಎಂದಾಗ ಅವನ ಬೆರಳುಗಳು ನಿಂತುಬಿಟ್ಟವು. ನಲವತ್ತೆರಡು ಹಾಡುಗಳೆಂದು ಅವನು ಭಾವಿಸಿದ್ದು ನಾಲ್ಕು ಗುಚ್ಛಗಳ ಒಂದೇ ಅಭ್ಯಾಸ, ನಲವತ್ತೆರಡು ಹೆಸರಿನಲ್ಲಿ. ಅದು ಎರಡು ವರ್ಷಕ್ಕೆ ಬೇಸರ ತರಿಸದಿದ್ದರೆ ಅಲ್ಲವೇ ಆಶ್ಚರ್ಯ!

ಇದರಲ್ಲಿ ಹುಡುಗನ ದೋಷವಿಲ್ಲ. ಅವನು ಹೋಗುತ್ತಿದ್ದ ತರಗತಿಯವರು ಮೂರು ತಿಂಗಳಲ್ಲಿ ಇಂತಿಷ್ಟು ಹಾಡು ಕಲಿಸುತ್ತೇವೆಂದು ಮಾತು ಕೊಟ್ಟಿದ್ದರು. ಕೊಟ್ಟ ಮಾತಿಗೆ ತಪ್ಪಲಿಲ್ಲ. ಮನೆಗೆ ಬಂದ ನೆಂಟರು "ಎಷ್ಟು ಹಾಡು ಬರುತ್ತಪ್ಪಾ?" ಎಂದು ಕೇಳಿದರು. ತಂದೆತಾಯಿ ಎಣಿಸಿ ಹೇಳಿದರು. ಒಂದು ಹಾಡನ್ನು ಹೇಗೆ ನುಡಿಸುತ್ತೀ ಎಂದು ಯಾರೂ ಕೇಳಲಿಲ್ಲ. ನನ್ನ ಜಗಳವಿರುವುದು ಆ "ಎಷ್ಟು" ಎಂಬ ಪದದೊಡನೆ. ಎಣಿಕೆಯಿಂದ ಕಲಿತ ಸಂಗೀತ ಬೇಗ ಹಳಸುತ್ತದೆ. ಕಲಿತವನು ತಾನು ಸಂಗೀತದಿಂದಲೇ ದಣಿದೆನೆಂದು ತಿಳಿದು ವಾದ್ಯವನ್ನು ಮಾರುತ್ತಾನೆ. ಇದು ನಾವೆಲ್ಲ ಸೇರಿ ಮಕ್ಕಳಿಗೆ ಎಸಗುತ್ತಿರುವ ಅನ್ಯಾಯ.

ಹಾಗಾದರೆ ಬೇಸರ ಬಾರದ ಧಾಟಿ ಯಾವುದು? ನನ್ನ ಆರರ ಕಥೆಯನ್ನೇ ಹೇಳುತ್ತೇನೆ.

1978ರಲ್ಲಿ ಮೈಸೂರಿನಲ್ಲಿ ಬಿ.ಎಡ್. ಓದುವಾಗ ಸಹಪಾಠಿಯೊಬ್ಬ ಊರಿಗೆ ಮರಳುವ ಮುನ್ನ ತನ್ನ ಹಳೆಯ ಗಿಟಾರನ್ನು ನನಗೆ ಅಗ್ಗಕ್ಕೆ ಬಿಟ್ಟುಕೊಟ್ಟ. ಕಲಿಸುವವರಿಲ್ಲ. ನನಗೆ ಬರುತ್ತಿದ್ದ ಸಂಗೀತವೆಂದರೆ ಬಾಲ್ಯದಲ್ಲಿ ಚಿತ್ರದುರ್ಗದ ನಮ್ಮ ಮನೆಯ ಪಕ್ಕದಲ್ಲಿ ಹೆಣ್ಣುಮಕ್ಕಳು ಕಲಿಯುತ್ತಿದ್ದ ಪಿಳ್ಳಾರಿ ಗೀತೆಗಳು, ಅದೂ ಕೇಳಿಕೆಯಿಂದ. ಪುರಂದರದಾಸರ ಹೆಸರಿನಲ್ಲಿ ಕರ್ನಾಟಕ ಸಂಗೀತದ ಪ್ರತಿಯೊಬ್ಬ ಮಗುವೂ ಕಲಿಯುವ ಮಲಹರಿ ರಾಗದ ಗೀತೆಗಳವು. ಒಂದು ದಿನ ಗಿಟಾರಿನ ಮೇಲೆ ಅದನ್ನು ತಡಕಿದೆ. ಐದನೆಯ ತಂತಿಯನ್ನು ಒತ್ತದೆ ಮಿಡಿದರೆ ಷಡ್ಜ, ಅದರ ಮೊದಲನೆಯ ಮನೆ ಶುದ್ಧ ರಿಷಭ. ನಾಲ್ಕನೆಯ ತಂತಿ ಒತ್ತದೆಯೇ ಶುದ್ಧ ಮಧ್ಯಮ, ಎರಡನೆಯ ಮನೆ ಪಂಚಮ, ಮೂರನೆಯ ಮನೆ ಶುದ್ಧ ಧೈವತ. ಮೂರನೆಯ ತಂತಿಯ ಎರಡನೆಯ ಮನೆ ತಾರಷಡ್ಜ. ಗಾಂಧಾರ ಏರುವಾಗ ಇಲ್ಲ, ಇಳಿಯುವಾಗ ಮಾತ್ರ ಬರುತ್ತದೆ, ಐದನೆಯ ತಂತಿಯ ನಾಲ್ಕನೆಯ ಮನೆಯಲ್ಲಿ. ನಾಲ್ಕು ಮನೆಗಳ ಅಂಗೈಯಗಲದ ಜಾಗದಲ್ಲಿ ಇಡೀ ರಾಗ! ಸ್ಪೇನ್ ದೇಶದಲ್ಲಿ ರೂಪುಗೊಂಡ ವಾದ್ಯ ಮಲಹರಿಗಾಗಿಯೇ ಹುಟ್ಟಿದಂತೆ ಕೈಗೆ ಕೂತಿತು.

ಆ ಗೀತೆಯನ್ನು ಇಂದಿಗೂ ದಿನದ ಮೊದಲಿಗೆ ನುಡಿಸುತ್ತೇನೆ. ಮೊದಲ ವರ್ಷ ಸ್ವರ ಸಿಕ್ಕರೆ ಸಾಕಾಗಿತ್ತು. ಆಮೇಲೆ ತಾಳ ನಿಲ್ಲಬೇಕೆನಿಸಿತು. ಹತ್ತು ವರ್ಷದ ಮೇಲೆ ಆ ಗಾಂಧಾರ ಏರುವಾಗ ಅಡಗಿದ್ದು ಇಳಿಯುವಾಗ ಒಮ್ಮೆಲೇ ಬೆಳಕಿನಂತೆ ಬರುವುದು ಕಿವಿಗೆ ಬಿತ್ತು. ಅಷ್ಟು ಕಾಲ ಅದನ್ನು ನುಡಿಸುತ್ತಿದ್ದೆ, ಕೇಳಿರಲಿಲ್ಲ. ಬೇಸರ ಬಾರದ ಧಾಟಿಯ ಲಕ್ಷಣ ಇದೇ. ಅದು ಒಂದೇ ಸಲಕ್ಕೆ ತನ್ನನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಕಠಿಣವಾಗಿರಬೇಕಿಲ್ಲ, ವೇಗವಾಗಿಯಂತೂ ಇರಬೇಕಿಲ್ಲ. ನುಡಿಸುವವನು ಬೆಳೆದಂತೆ ತಾನೂ ಬೆಳೆಯುವಷ್ಟು ಜಾಗ ಅದರೊಳಗಿರಬೇಕು.

ಎರಡನೆಯದು ಮುತ್ತುಸ್ವಾಮಿ ದೀಕ್ಷಿತರ ಒಂದು ನೋಟ್ಟುಸ್ವರ. ಕಂಪನಿ ಸರಕಾರದ ಬ್ಯಾಂಡುಗಳು ನುಡಿಸುತ್ತಿದ್ದ ಪಾಶ್ಚಾತ್ಯ ಧಾಟಿಗಳನ್ನು ಕೇಳಿ, ಅವಕ್ಕೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ ದೀಕ್ಷಿತರು ಸುಮಾರು 40 ಪುಟ್ಟ ರಚನೆಗಳನ್ನು ಮಾಡಿದರು. ಎಲ್ಲವೂ ಶಂಕರಾಭರಣದ ಸ್ವರಗಳಲ್ಲಿವೆ. ಬ್ರಿಟಿಷ್ ರಾಷ್ಟ್ರಗೀತೆಯ ಧಾಟಿಯೂ ಅವುಗಳಲ್ಲೊಂದು. ನವಾವರಣ ಕೀರ್ತನೆಗಳನ್ನು ರಚಿಸಿದ ಮಹಾನುಭಾವರು ಬೀದಿಯ ಬ್ಯಾಂಡಿನ ಧಾಟಿಗೂ ಕಿವಿಗೊಟ್ಟರು. ಗಿಟಾರು ನಮ್ಮದಲ್ಲ, ಅದರಲ್ಲಿ ಗೀತೆ ನುಡಿಸುವುದು ಅಪಚಾರ ಎಂದು ಮೂಗು ಮುರಿಯುವ ಹಿರಿಯರು ಇದನ್ನು ನೆನೆಯಬೇಕು. ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ತಂದವರು ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರೇ. ನಮ್ಮ ಕಾಲದಲ್ಲಿ ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನನ್ನು ಸಭೆಗೆ ತಂದರು. ನಲವತ್ತೆರಡು ಎಂದು ಎಣಿಸುವವರೂ, ಇದು ನಮ್ಮದು ಅದು ಅವರದು ಎಂದು ಬೇಲಿ ಹಾಕುವವರೂ ಒಂದೇ ತಪ್ಪನ್ನು ಮಾಡುತ್ತಾರೆ. ಇಬ್ಬರೂ ಧಾಟಿಯನ್ನು ಕೇಳುವುದಿಲ್ಲ.

ಮೂರನೆಯದು ಗಿಟಾರು ಹಿಡಿದವರೆಲ್ಲರೂ ಒಮ್ಮೆ ನುಡಿಸುವ 'ರೊಮಾನ್ಸ್'. ಅದರ ಕರ್ತೃ ಯಾರೆಂಬುದು ಇಂದಿಗೂ ತೀರ್ಮಾನವಾಗಿಲ್ಲ. 1952ರ ಒಂದು ಫ್ರೆಂಚ್ ಚಲನಚಿತ್ರದಲ್ಲಿ ನಾರ್ಸಿಸೊ ಯೆಪೆಸ್ ಅದನ್ನು ನುಡಿಸಿದ ಮೇಲೆ ಜಗತ್ತಿಗೆಲ್ಲ ಪರಿಚಿತವಾಯಿತು. ಮೊದಲ ತಂತಿಯ ಏಳನೆಯ ಮನೆಯಿಂದ ಮೆಲ್ಲನೆ ಇಳಿದುಬರುವ ಧಾಟಿ. ಅದರ ಪ್ರತಿ ಸ್ವರದ ಹಿಂದೆ ಒಳತಂತಿಗಳ ಎರಡು ಮಿಡಿತ. ಉಂಗುರ ಬೆರಳು ಹಾಡಬೇಕು, ಮಧ್ಯದ ಬೆರಳೂ ತೋರುಬೆರಳೂ ಪಿಸುಗುಟ್ಟಬೇಕು. ಮೂರೂ ಬೆರಳು ಒಂದೇ ದನಿಯಲ್ಲಿ ಕೂಗಿದರೆ ಹಾಡು ಸತ್ತಂತೆ. ಕೈಯ ಮೂರು ಬೆರಳುಗಳಿಗೆ ಮೂರು ಸ್ವಭಾವ ಕಲಿಸುವುದು ಒಂದೇ ತರಗತಿಯ ಮೂವರು ಹುಡುಗರನ್ನು ಸಂಭಾಳಿಸಿದಷ್ಟೇ ಕಷ್ಟ.

ನಾಲ್ಕನೆಯದು ಫ್ರಾನ್ಸಿಸ್ಕೊ ತಾರೆಗಾ ರಚಿಸಿದ 'ಲಾಗ್ರಿಮಾ'. ಆ ಸ್ಪ್ಯಾನಿಷ್ ಪದದ ಅರ್ಥ ಕಣ್ಣೀರು. ಹದಿನಾರೇ ಆವರ್ತಗಳು, ಎಲ್ಲವೂ ಒಂದೇ ಪುಟದಲ್ಲಿ. ಮೊದಲ ಎಂಟು ಮೇಜರಿನಲ್ಲಿ, ಮುಂದಿನ ಎಂಟು ಮೈನರಿನಲ್ಲಿ, ಮತ್ತೆ ಮೊದಲಿನದಕ್ಕೆ ಮರಳಿಕೆ. ತಾರೆಗಾ ಹುಟ್ಟಿದ್ದು 1852ರಲ್ಲಿ. ನಮ್ಮ ಮೈಸೂರಿನ ವೀಣೆ ಶೇಷಣ್ಣನವರು ಹುಟ್ಟಿದ್ದೂ ಅದೇ ವರ್ಷ. ಒಬ್ಬರನ್ನೊಬ್ಬರು ಅರಿಯದ ಇಬ್ಬರು, ತಂತಿ ಮಿಡಿಯುವ ಬೆರಳಿನಿಂದ ಮನುಷ್ಯಕಂಠದ ನಾದ ಬರಬೇಕೆಂದು ಜೀವಮಾನವಿಡೀ ತಪಸ್ಸು ಮಾಡಿದರೆಂದು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಆ ಹದಿನಾರು ಆವರ್ತಗಳಲ್ಲಿ ಸುಖ ಯಾವಾಗ ದುಃಖವಾಯಿತು, ದುಃಖ ಯಾವಾಗ ಸುಖಕ್ಕೆ ಮರಳಿತು ಎಂಬುದು ಕೈಗೆ ತಿಳಿಯಲು ನನಗೆ ಹೆಂಡತಿಯ ಅಗಲಿಕೆಯ ವರ್ಷ ಬೇಕಾಯಿತು. ಅದಕ್ಕೆ ಮೊದಲು ನನಗೆ ಅದು ಬರುತ್ತದೆಂದೇ ತಿಳಿದಿದ್ದೆ.

ಐದನೆಯದು 'ನಾಗರಹಾವು' ಚಿತ್ರದ ಒಂದು ಹಾಡಿನ ಧಾಟಿ. 1972ರಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ನಮ್ಮ ಕೋಟೆಯಲ್ಲಿಯೇ ತೆಗೆದ ಚಿತ್ರ. ಸಂಗೀತ ವಿಜಯಭಾಸ್ಕರ್ ಅವರದು. ಕೋಟೆಯ ಬಂಡೆಗಳನ್ನು ಏರಿ ಇಳಿದು ಬೆಳೆದ ನಮ್ಮ ವಯಸ್ಸಿನವರಿಗೆ ಆ ಧಾಟಿಗಳು ಹಾಡುಗಳಲ್ಲ, ಊರಿನ ವಿಳಾಸ. ಯಾವುದೆಂದು ಹೇಳುವುದಿಲ್ಲ, ದುರ್ಗದವರು ಊಹಿಸಿಕೊಳ್ಳಲಿ.

ಇಲ್ಲಿಗೆ ಐದಾಯಿತು. ಆರನೆಯದಕ್ಕೆ ಮುನ್ನ ಎದುರುವಾದಿಗಳ ಮಾತಿಗೆ ಉತ್ತರಿಸಬೇಕು.

"ಮೇಷ್ಟ್ರೇ, ನಿಮಗೆ ವಯಸ್ಸಾಯಿತು, ಆರಕ್ಕೆ ತೃಪ್ತರಾಗಿದ್ದೀರಿ. ಹೊಸದನ್ನು ಬಯಸುವುದು ಯೌವನದ ಧರ್ಮವಲ್ಲವೇ?" ಎನ್ನಬಹುದು. ಬಯಸಲಿ. ನಾನೂ ಹತ್ತಾರು ಧಾಟಿಗಳನ್ನು ಕಲಿತೆ, ಮರೆತೆ. ಹೊಸದನ್ನು ಕೇಳಬೇಡ ಎಂದು ನಾನೆಲ್ಲಿ ಹೇಳಿದೆ? ಆದರೆ ಊರೂರು ಸುತ್ತುವವನಿಗೂ ಮರಳಲು ಒಂದು ಮನೆ ಬೇಕು. ಅದಿಲ್ಲದವನನ್ನು ಯಾತ್ರಿಕನೆನ್ನುವುದಿಲ್ಲ, ಅಲೆಮಾರಿ ಎನ್ನುತ್ತೇವೆ. ನಲವತ್ತೆರಡು ಊರು ಸುತ್ತಿದ ನಮ್ಮ ಹುಡುಗನಿಗೆ ಮರಳಲು ಒಂದು ಮನೆಯನ್ನೂ ಯಾರೂ ಕಟ್ಟಿಕೊಡಲಿಲ್ಲ.

"ಒಂದನ್ನೇ ನುಡಿಸುತ್ತ ಕೂರುವುದು ಸೋಮಾರಿತನವಲ್ಲವೇ?" ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಹುರುಳಿದೆ, ಒಪ್ಪುತ್ತೇನೆ. ಕಿವಿ ಮುಚ್ಚಿ ಮಾಡಿದ ಪುನರಾವರ್ತನೆ ಗಾಣದ ಎತ್ತಿನ ನಡಿಗೆ. ಆದರೆ ಹಿರಿಯೂರು ಕಡೆಯ ಗೊಲ್ಲರಹಟ್ಟಿಗೆ ಹೋಗಿ ನೋಡಿ. ಕಾಡುಗೊಲ್ಲರ ಕಲಾವಿದರು ಜುಂಜಪ್ಪನ ಕಾವ್ಯವನ್ನು ಗಣೆಯೆಂಬ ಉದ್ದನೆಯ ಬಿದಿರ ಕೊಳಲಿನೊಡನೆ ರಾತ್ರಿಯಿಡೀ ಹಾಡುತ್ತಾರೆ. ಧಾಟಿಗಳು ಕೆಲವೇ. ನಡುರಾತ್ರಿಯಲ್ಲಿ ಕೇಳಿದ ಅದೇ ಧಾಟಿ ಬೆಳಗಿನ ಜಾವಕ್ಕೆ ಬೇರೆಯೇ ಆಗಿರುತ್ತದೆ, ಏಕೆಂದರೆ ಅಷ್ಟರಲ್ಲಿ ಕಥೆ ನಡೆದಿರುತ್ತದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಸಾಲುಗಳನ್ನು ನೆನಪಿನಿಂದಲೇ ಹಾಡಿದ ತಾಯಿ. ಆಕೆಗೆ ಎಷ್ಟು ಧಾಟಿ ಬರುತ್ತಿತ್ತು ಎಂದು ಕೇಳುವವನು ಮೂರ್ಖ. ಇನ್ನು ತ.ರಾ.ಸು. ಅವರ 'ಹಂಸಗೀತೆ'ಯನ್ನು ಓದಿದವರಿಗೆ, 1975ರಲ್ಲಿ ಜಿ.ವಿ. ಅಯ್ಯರ್ ತೆಗೆದ ಅದರ ಚಿತ್ರವನ್ನು ನೋಡಿದವರಿಗೆ ನಾನು ಹೇಳಬೇಕಾದ್ದೇನಿದೆ? ನಮ್ಮ ದುರ್ಗದ ಆ ಕಥಾನಾಯಕ ವೆಂಕಟಸುಬ್ಬಯ್ಯ ಒಂದು ರಾಗದ ಹೆಸರನ್ನೇ ತನ್ನ ಹೆಸರಿನ ಮುಂದೆ ಹೊತ್ತವನು. ಜನ ಅವನನ್ನು ನೂರು ರಾಗದವನೆಂದು ಕರೆಯಲಿಲ್ಲ, ಭೈರವಿಯವನೆಂದು ಕರೆದರು.

ಈಗ ಆರನೆಯದು. ಇದನ್ನು ಬರೆಯಲು ನನಗೆ ಸಂಕೋಚವಿದೆ. ಆದರೂ ಇತರರನ್ನು ದೂರಿದವನು ತನ್ನ ಲೆಕ್ಕವನ್ನೂ ಒಪ್ಪಿಸಬೇಕು.

1986ರಲ್ಲಿ ನಾನು ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಶನಿವಾರದ ಕೊನೆಯ ಅವಧಿ ಮಕ್ಕಳ ಹಾಡಿಗೆ ಮೀಸಲು. ಏಳನೆಯ ತರಗತಿಯ ಹುಡುಗನೊಬ್ಬ ಪ್ರತಿ ಶನಿವಾರ ಎದ್ದು ನಿಂತು ಒಂದೇ ತತ್ವಪದವನ್ನು ಹಾಡುತ್ತಿದ್ದ. ಅವನ ತಾತ ಭಜನೆಯಲ್ಲಿ ಹೇಳುತ್ತಿದ್ದ ಪದವಂತೆ. ಕಣ್ಣು ಮುಚ್ಚಿ, ಬೆಂಚಿನ ಅಂಚನ್ನು ಹಿಡಿದುಕೊಂಡು ಹಾಡುತ್ತಿದ್ದ. ನಾಲ್ಕಾರು ವಾರ ಕೇಳಿದೆ. ಆಮೇಲೊಂದು ದಿನ ಅವನು ಎದ್ದ ಕೂಡಲೇ, "ಏನಯ್ಯಾ, ಮತ್ತೆ ಅದೇನಾ? ನಿನಗೆ ಬರುವುದೇ ಒಂದು ಹಾಡೇನು?" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಹುಡುಗ ಕುಳಿತ. ಆ ವರ್ಷದ ಉಳಿದ ಶನಿವಾರಗಳಲ್ಲಿ ಅವನು ಏಳಲೇ ಇಲ್ಲ. ನಾನು ಕೇಳಲೂ ಇಲ್ಲ. ಹಾಡಲು ಹತ್ತಾರು ಮಕ್ಕಳಿದ್ದರು, ಪಟ್ಟಿ ಉದ್ದವಿತ್ತು.

ನಾನು ಚಾಮಯ್ಯ ಮೇಷ್ಟ್ರ ಊರಿನ ಮೇಷ್ಟ್ರು. ಮೇಷ್ಟ್ರ ಒಂದು ಮಾತು ಶಿಷ್ಯನ ಬದುಕನ್ನು ಎಲ್ಲಿಗೆ ತಳ್ಳಬಲ್ಲದು ಎಂಬುದನ್ನು 'ನಾಗರಹಾವಿ'ನಲ್ಲಿ ನೋಡಿ ಕಣ್ಣೀರಿಟ್ಟವನು. ಚಾಮಯ್ಯನವರು ಪ್ರೀತಿಯಿಂದ ಹೇಳಿದ ಮಾತೇ ರಾಮಾಚಾರಿಗೆ ಮುಳುವಾಯಿತು. ನಾನು ಹೇಳಿದ್ದರಲ್ಲಿ ಪ್ರೀತಿಯೂ ಇರಲಿಲ್ಲ, ಬರಿಯ ಎಣಿಕೆಯಿತ್ತು.

ನಿವೃತ್ತನಾದ ಮೇಲೆ, ಒಂದು ರಾತ್ರಿ ನಿದ್ದೆ ಬಾರದೆ ಗಿಟಾರು ಹಿಡಿದಾಗ ಆ ಧಾಟಿ ತಾನಾಗಿಯೇ ಬೆರಳಿಗೆ ಬಂತು. ಸಾಹಿತ್ಯ ಪೂರ್ತಿ ನೆನಪಿಲ್ಲ, ಧಾಟಿ ಮಾತ್ರ ಅಚ್ಚೊತ್ತಿದಂತಿದೆ. ನಾಲ್ಕಾರು ವಾರ ಕೇಳಿದ್ದಕ್ಕೇ ಮೂವತ್ತು ವರ್ಷ ಉಳಿಯಿತೆಂದರೆ ಹುಡುಗ ಅದನ್ನು ಹೇಗೆ ಹಾಡಿರಬೇಕು! ಅಂದಿನಿಂದ ನನ್ನ ಆರನೆಯ ಧಾಟಿ ಅದೇ. ಅದು ನನಗೆ ಇನ್ನೂ ಕೈಗೂಡಿಲ್ಲ. ಎರಡನೆಯ ಸಾಲಿನ ಕೊನೆಯಲ್ಲಿ ಅವನ ದನಿ ಎರಡು ಸ್ವರಗಳ ನಡುವೆ ಎಲ್ಲಿಯೋ ಒಂದು ಗಳಿಗೆ ನಿಂತು ಇಳಿಯುತ್ತಿತ್ತು. ಗಿಟಾರಿನ ಲೋಹದ ಮೆಟ್ಟಿಲುಗಳು ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿಬಿಟ್ಟಿವೆ, ಆ ನಡುವಿನ ಜಾಗ ಅದರಲ್ಲಿಲ್ಲ. ತಂತಿಯನ್ನು ಪಕ್ಕಕ್ಕೆ ಎಳೆದರೆ ಸ್ವರ ಏರುತ್ತದೆ, ನಿಧಾನವಾಗಿ ಬಿಟ್ಟರೆ ಇಳಿಯುತ್ತದೆ. ವೀಣೆಯವರು ಗಮಕಕ್ಕೆ ಮಾಡುವುದೂ ಅದನ್ನೇ. ಬ್ರಿಜ್ ಭೂಷಣ್ ಕಾಬ್ರಾ ಅವರು ಗಿಟಾರನ್ನು ಮಲಗಿಸಿ ತಂತಿಯ ಮೇಲೆ ಉಕ್ಕಿನ ಸರಳನ್ನು ಜಾರಿಸಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿದ್ದೂ ಆ ನಡುವಿನ ಜಾಗಕ್ಕಾಗಿಯೇ. ನಾನು ಎಳೆಯುತ್ತೇನೆ, ಬಿಡುತ್ತೇನೆ. ಹತ್ತಿರ ಹೋಗುತ್ತೇನೆ. ಆ ಹುಡುಗ ನಿಂತ ಜಾಗ ಮಾತ್ರ ಸಿಕ್ಕಿಲ್ಲ. ಸಿಗುವವರೆಗೆ ಬೇಸರ ಹೇಗೆ ಬಂದೀತು?

ಆದುದರಿಂದ ಸಂಗೀತ ಕಲಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಮೊದಲ ದಿನವೇ ಗುಚ್ಛಗಳನ್ನು ಕೊಟ್ಟು ಕೈ ಬೀಸಲು ಹಚ್ಚಬೇಡಿ. ಒಂದು ಧಾಟಿಯನ್ನು ಒಂದು ತಂತಿಯ ಮೇಲೆ, ಒಂದೊಂದೇ ಸ್ವರವಾಗಿ, ಪುಸ್ತಕ ನೋಡದೆ ಕಿವಿಯಿಂದ ಹುಡುಕಲು ಬಿಡಿ. ಮಗುವಿಗೆ ಬೇಕಾದ ಧಾಟಿಯನ್ನು ಮಗುವೇ ಆರಿಸಲಿ. ಮಲಹರಿಯೇ ಆಗಬೇಕೆಂದಿಲ್ಲ, ಅಜ್ಜಿಯ ಸೋಬಾನೆಯಾದರೂ ಆದೀತು, ನಿನ್ನೆಯ ಸಿನಿಮಾ ಹಾಡಾದರೂ ಆದೀತು. ಗುಚ್ಛಗಳು ಆಮೇಲೆ ಬರಲಿ, ಹಾಡಿಗೆ ನೆರಳು ಕೊಡಲು. ತಂದೆತಾಯಿಯರಲ್ಲಿ ಕೋರಿಕೆ ಇನ್ನೂ ಚಿಕ್ಕದು. ನೆಂಟರೆದುರು ಎಣಿಸಿ ಹೇಳಬೇಡಿ. ಮಗು ಅದೇ ಹಾಡನ್ನು ನೂರನೆಯ ಸಲ ನುಡಿಸುವಾಗ ಅಡುಗೆಮನೆಯಿಂದ "ಬೇರೆ ಬರುವುದಿಲ್ಲವಾ?" ಎಂದು ಕೂಗಬೇಡಿ. ಆ ನೂರನೆಯ ಸಲವೇ ಅದು ನಿಜವಾಗಿ ಕಲಿಯುತ್ತಿರುವ ಸಲವಾಗಿರಬಹುದು.

ಜಗಲಿಗೆ ಬಂದ ಹುಡುಗನಿಗೆ ಇದನ್ನೆಲ್ಲ ಭಾಷಣ ಮಾಡಲಿಲ್ಲ. ಕತ್ತಲಾಗುತ್ತಿತ್ತು. "ನಿನಗೆ ಚಿಕ್ಕಂದಿನಿಂದ ನೆನಪಿರುವ ಒಂದು ಹಾಡಿನ ಮೊದಲ ಸಾಲನ್ನು ಒಂದೇ ತಂತಿಯ ಮೇಲೆ ಹುಡುಕು" ಎಂದೆ. ಅರ್ಧ ಗಂಟೆ ತಡಕಾಡಿದ. ನಡುವೆ ಎರಡು ಸಲ ಬೇಸರಗೊಂಡು ಗಿಟಾರನ್ನು ಕೆಳಗಿಟ್ಟ. ಕೊನೆಗೆ ಏಳು ಸ್ವರಗಳು ಸಿಕ್ಕವು, ಎಂಟನೆಯದು ತಪ್ಪಿತು. "ನಾಳೆ ನೋಡುತ್ತೇನೆ ಸಾರ್" ಎಂದು ಎದ್ದ. ಮಾರುವ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೆ ಈ ಕಡೆ ಬಂದಿಲ್ಲ. ಗಿಟಾರು ಅವನ ಮನೆಯಲ್ಲಿದೆಯೋ ಬೇರೆಯವರ ಕೈ ಸೇರಿದೆಯೋ ತಿಳಿಯದು. ಸಂಜೆ ಅವರ ಮನೆಯ ಮುಂದೆ ಹಾದುಹೋಗುವಾಗ ಹೆಜ್ಜೆ ನಿಧಾನವಾಗುತ್ತದೆ, ಕಿವಿ ತಾನಾಗಿ ಆ ಕಿಟಕಿಯತ್ತ ತಿರುಗುತ್ತದೆ.

ಹೊಳಲ್ಕೆರೆ ಕಡೆಯ ಆ ಇನ್ನೊಬ್ಬ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಅವನು ಈಗಲೂ ಹಾಡುತ್ತಾನೆಯೇ? ಹಾಡುತ್ತಿದ್ದರೆ, ಅದೇ ಒಂದನ್ನು ಹಾಡಲಿ. ಒಂದೇ ಸಾಕಾಗಿತ್ತಪ್ಪಾ, ಮೇಷ್ಟ್ರಿಗೆ ಗೊತ್ತಾಗಲಿಲ್ಲ.